ಡಾಕ್ಟರು ಬರೆಯದ ಚೀಟಿ

ಡಾಕ್ಟರ್ ನಂದಕುಮಾರ್ ತನ್ನನ್ನು ಕೆಲಸದಿಂದ ತೆಗೆದುಹಾಕಿದ್ದರೆ ಅಲಮೇಲು ಬಹುಶಃ ಸುಮ್ಮನಾಗಿಬಿಡುತ್ತಿದ್ದಳು. ಆದರೆ ಅವರು ಅವಳನ್ನು ಕ್ಷಮಿಸಿಬಿಟ್ಟರು. ಅದನ್ನು ಅವಳಿಂದ ಸಹಿಸಲಾಗಲಿಲ್ಲ.

ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರಿನಲ್ಲಿದ್ದ ಅವರ ಕ್ಲಿನಿಕ್ಕಿನಲ್ಲಿ ಅವಳು ಮೆಡಿಕಲ್ ಕೋಡರ್. ಡಾಕ್ಟರು ಬರೆದ ಕಾಯಿಲೆಗಳನ್ನು ಕೋಡುಗಳಾಗಿಸಿ ಇನ್ಶೂರೆನ್ಸಿಗೆ ಕಳಿಸುವುದು ಅವಳ ಕೆಲಸ. ಬರೀ ಬಿಪಿಗೆ ಒಂದು ಕೋಡ್; ಬಿಪಿಯಿಂದ ಹೃದಯವೂ ಸೋತಿದೆ ಎಂದರೆ ಬೇರೆ ಕೋಡ್, ಅದಕ್ಕೆ ಇನ್ಶೂರೆನ್ಸಿನವರು ಕೊಡುವುದೂ ಹೆಚ್ಚು. ವಯಸ್ಸಾದವರ ಫೈಲು ಬಂದಾಗಲೆಲ್ಲ ಡಾಕ್ಟರು ಅವಳ ಮೇಜಿನ ಪಕ್ಕ ನಿಂತು ದನಿ ತಗ್ಗಿಸುತ್ತಿದ್ದರು. "ಇವ್ರಿಗೆ ಹಾರ್ಟೂ ಸೇರಿಸ್ಬಿಡಮ್ಮ. ನೋಟ್ಸ್ ನಾನು ಆಮೇಲೆ ಬರೀತೀನಿ."

ಅವಳು ಸೇರಿಸಿದಳು. ಅವರು ಬರೆಯಲಿಲ್ಲ. ಆಡಿಟ್ ಬಂದಾಗ ಫೈಲುಗಳಲ್ಲಿ ಹೃದಯದ ಸುದ್ದಿಯೇ ಇರಲಿಲ್ಲ. ಎಲ್ಲವೂ ಕೋಡರ್ ಕೈತಪ್ಪಿನಿಂದ ಆದದ್ದು ಎಂದು ಡಾಕ್ಟರು ಬರೆದುಕೊಟ್ಟು ಪಾರಾದರು.

ಕನ್ನಡ ಸಂಘದ ಯುಗಾದಿ ಊಟದಲ್ಲಿ ಯಾರೋ ಆ ವಿಷಯ ಎತ್ತಿದರು. ಡಾಕ್ಟರು ಕೋಸಂಬರಿ ಬಡಿಸಿಕೊಳ್ಳುತ್ತ, ಎಲ್ಲರಿಗೂ ಕೇಳುವಂತೆ, "ತಪ್ಪು ಯಾರು ಮಾಡಲ್ಲ ಹೇಳಿ? ಅಲಮೇಲು ನಮ್ಮನೆ ಮಗಳಿದ್ದ ಹಾಗೆ. ನಾನದನ್ನ ಅವತ್ತೇ ಮರೆತೆ" ಎಂದರು. ಸುತ್ತಲಿದ್ದವರು ಅವರನ್ನು ಗೌರವದಿಂದಲೂ ಅವಳನ್ನು ಕನಿಕರದಿಂದಲೂ ನೋಡಿದರು.

ವಾಪಸು ಬರುವಾಗ ಗಂಡ ಶ್ಯಾಮಸುಂದರ ಡ್ರೈವ್ ಮಾಡುತ್ತ, ಹೋಗಲಿ, ಕೆಲಸವಾದರೂ ಉಳಿಯಿತಲ್ಲ ಎಂದು ಸಮಾಧಾನ ಹೇಳಿದ.

"ಅವ್ರು ಮರೆತ್ರಂತೆ. ನಾನು ಮರೆಯಲ್ಲ," ಎಂದಳು ಅಲಮೇಲು.

ಕಿವಿಯಲ್ಲಿ ಹೇಳಿದ ಮಾತಿಗೆ ಸಾಕ್ಷಿಯಿರುವುದಿಲ್ಲ. ಡಾಕ್ಟರು ಅದನ್ನು ಬರೆದಿರಬೇಕಿತ್ತು. ಬರೆದಿಲ್ಲವಾದರೆ ಅವರ ಪರವಾಗಿ ತಾನೇ ಬರೆದರಾಯಿತು. ನಡೆದದ್ದನ್ನೇ ಬರೆದರೆ ಅದು ಸುಳ್ಳು ಹೇಗಾದೀತು ಎಂದು ತನ್ನನ್ನೇ ಕೇಳಿಕೊಂಡಳು, ಉತ್ತರಕ್ಕೆ ಕಾಯಲಿಲ್ಲ.

ಕ್ಲಿನಿಕ್ಕು ಅಷ್ಟರಲ್ಲಿ ಊರಾಚೆಯ ಫುಲ್‌ಶೀರ್‌ಗೆ ಶಿಫ್ಟ್ ಆಗಿತ್ತು. ಹಳೆಯ ಫೈಲುಗಳೆಲ್ಲ ಹಿಂದಿನ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳಲ್ಲಿ ಬಿದ್ದಿದ್ದವು. ಡಾಕ್ಟರಿಗೆ ಮೊದಲಿನಿಂದಲೂ ಒಂದು ಅಭ್ಯಾಸ: ಲ್ಯಾಬ್ ರಿಪೋರ್ಟ್ ತರಿಸು, ಇವರಿಗೆ ಫೋನ್ ಮಾಡು ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಚೀಟಿಗಳನ್ನು ಫೈಲಿಗೆ ಸಿಕ್ಕಿಸುವುದು. ಅಂಥವು ನೂರಾರು ಇದ್ದವು. ಅಲಮೇಲು ಅವನ್ನು ಪರೀಕ್ಷೆಗೆ ಓದುವವಳಂತೆ ಓದಿದಳು. ಎಲ್ಲಿಯೂ ದೊಡ್ಡಕ್ಷರವಿಲ್ಲ, ಪೂರ್ಣವಿರಾಮವಿಲ್ಲ. ಪ್ರತಿ ಬಾರಿಯೂ ಅದೇ ಪದಗಳಲ್ಲಿ ಅದೇ ಕಾಗುಣಿತದ ತಪ್ಪು. ಆ ತಪ್ಪುಗಳನ್ನೂ ಕಲಿತಳು.

ಹಳೆಯ ಪ್ರಿಂಟರ್ ಆ ಕೋಣೆಯಲ್ಲೇ ಇತ್ತು. ಅದು ಕಾಗದದ ಬಲಗಡೆ ಎಳೆಯುತ್ತಿದ್ದ ತೆಳುವಾದ ಗೀರು ಅವಳಿಗೆ ವರದಂತೆ ಕಂಡಿತು. ಅಂಚು ಹಳದಿಯಾದ ಖಾಲಿ ಹಾಳೆಗಳನ್ನು ಅದೇ ಪೆಟ್ಟಿಗೆಗಳಿಂದ ಆರಿಸಿದಳು. ಹಾರ್ಟೂ ಸೇರಿಸು ಎಂಬ ಚೀಟಿಗಳನ್ನು ಅವುಗಳ ಮೇಲೆ ಅಚ್ಚುಹಾಕಿ, ಎಲ್ಲಕ್ಕೂ ಎರಡು ಸಾವಿರದ ಇಪ್ಪತ್ತಮೂರರ ಮಾರ್ಚ್ ತಿಂಗಳ ತಾರೀಖು ಹಾಕಿದಳು; ಆಡಿಟ್ಟಿಗೆ ಸಿಕ್ಕಿಬಿದ್ದ ಫೈಲುಗಳು ಆ ತಿಂಗಳವೇ. ಡಾಕ್ಟರು ಮಗಳನ್ನು ನೋಡಲು ಡಾಲಸ್ಸಿಗೆ ಹೋಗಿದ್ದ ದಿನಗಳನ್ನು ಬಿಟ್ಟಳು. ತುಕ್ಕು ಹಿಡಿದ ಕ್ಲಿಪ್ಪನ್ನು ಅದರ ಹಳೆಯ ಕಲೆಯ ಮೇಲೆಯೇ ಕೂರಿಸಿದಳು. ಬೆರಳ ಗುರುತಿನ ಯೋಚನೆ ಬಂದಾಗ ನಕ್ಕಳು: ಅವಳದೇ ಫೈಲುಗಳು, ಅವಳ ಬೆರಳಿಲ್ಲದಿದ್ದರೆ ತಾನೇ ಅನುಮಾನ.

ಊಟದ ಬಿಡುವಿನಲ್ಲೇ ಎಲ್ಲ ಮುಗಿಯಿತು. ದೂರು ಆಸ್ಟಿನ್ನಿನ ಸರ್ಕಾರಿ ಕಚೇರಿಗೆ ಹೋಯಿತು, ಅದೂ ಅವಳ ಸ್ವಂತ ಹೆಸರಿನಲ್ಲಿ. ಮುಖ ಮರೆಸಿಕೊಳ್ಳಬೇಕಾದವಳು ತಾನಲ್ಲ ಎಂದು ಅವಳು ನಿರ್ಧರಿಸಿದ್ದಳು.

ಆ ಕಚೇರಿಯ ಪರವಾಗಿ ಡಾಲಸ್ಸಿನಿಂದ ಒಬ್ಬಳು ತನಿಖಾಧಿಕಾರಿ ಬಂದಳು. ಮಿತಮಾತಿನ ಹೆಂಗಸು. ಪೆಟ್ಟಿಗೆಗಳನ್ನು ಹೊತ್ತೊಯ್ದು ಪರೀಕ್ಷೆ ಮಾಡಿಸಿದಳು. ಕಾಗದ ಹಳೆಯದೇ, ಪ್ರಿಂಟರ್ ಅದೇ, ಭಾಷೆ ಡಾಕ್ಟರದೇ ಎಂದು ವರದಿ ಬಂತು. ಎಲ್ಲರನ್ನೂ ಕೂರಿಸಿ ಮಾತಾಡುವ ದಿನ ಅಲಮೇಲು ಪ್ಯಾಂಟು ಬಿಟ್ಟು, ಗಂಜಿ ಹಾಕಿದ ಹತ್ತಿ ಸೀರೆ ಉಟ್ಟು ಹೋದಳು.

ಡಾಕ್ಟರು ಬಿಳಿಚಿಕೊಂಡಿದ್ದರು. ವಕೀಲರು ಬೇಡವೆಂದು ಸನ್ನೆ ಮಾಡುತ್ತಿದ್ದರೂ ಅವಳತ್ತ ತಿರುಗಿ ಕನ್ನಡದಲ್ಲೇ ಕೇಳಿದರು. "ನಾನಿದನ್ನ ಬರ್ದಿಲ್ಲ ಅಂತ ನಿನಗೆ ಗೊತ್ತಲ್ಲಮ್ಮ?"

"ಹೇಳಿದ್ದು ನೀವೇ ಅಲ್ವಾ, ಡಾಕ್ಟ್ರೇ?"

ಅವರು ತಲೆ ತಗ್ಗಿಸಿದರು. ಅಲ್ಲಿದ್ದವರಲ್ಲಿ ಬೇರೆ ಯಾರಿಗೂ ಆ ಮಾತು ಅರ್ಥವಾಗಲಿಲ್ಲ. ಅರ್ಥವಾಗಬೇಕಾದವರಿಗೆ ಆಗಿತ್ತು. ಯುಗಾದಿಯಿಂದ ಎದೆಯಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು ಅವಳಿಗೆ ಆ ಕ್ಷಣ ಕಿತ್ತುಬಂದಂತಾಯಿತು.

ತನಿಖಾಧಿಕಾರಿ ಒಂದು ಚೀಟಿಯನ್ನು ಮುಂದೆ ಸರಿಸಿ, ಕೋಡುಗಳ ವಿಷಯ ನಿಮಗೇ ಚೆನ್ನಾಗಿ ಗೊತ್ತು, ಸ್ವಲ್ಪ ಓದಿ ಹೇಳುತ್ತೀರಾ ಎಂದು ವಿನಯದಿಂದ ಕೇಳಿದಳು. ಅಲಮೇಲು ಸ್ಪಷ್ಟವಾಗಿ ಓದಿದಳು: ಮೂರು ಮಾತ್ರೆ ಕೊಟ್ಟರೂ ಬಿಪಿ ಇಳಿಯುತ್ತಿಲ್ಲ, ಐ ಒನ್ ಎ ಪಾಯಿಂಟ್ ಝೀರೋ ಹಾಕು, ಹಾರ್ಟೂ ಸೇರಿಸು. ಅದು ಔಷಧಿಗೆ ಬಗ್ಗದ ಬಿಪಿಯ ಕೋಡ್ ಎಂದು ವಿವರಿಸಿದಳು. ಆ ಕೋಡ್ ಬಳಕೆಗೆ ಬಂದದ್ದು ಯಾವಾಗ ಎಂದು ಆಕೆ ಅದೇ ವಿನಯದಿಂದ ಕೇಳಿದಳು. ಅಲಮೇಲು ಚೀಟಿಯ ಮೇಲೆ ತಾನೇ ಹಾಕಿದ್ದ ಮಾರ್ಚ್ ತಾರೀಖನ್ನು ನೋಡಿದಳು. ಅದು ಜಾರಿಗೆ ಬಂದದ್ದು ಆ ವರ್ಷದ ಅಕ್ಟೋಬರಿನಲ್ಲಿ. ಜಾರಿಗೆ ಬಂದ ದಿನ ಬೆಳಿಗ್ಗೆ ಅದನ್ನು ಕ್ಲಿನಿಕ್ಕಿನ ಕಂಪ್ಯೂಟರಿಗೆ ಸೇರಿಸಿದವಳೂ ಅವಳೇ. ಆಮೇಲೆ ದಿನನಿತ್ಯ ಬಳಸಿ ಬೆರಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಅದಿಲ್ಲದ ಒಂದು ಮಾರ್ಚ್ ಇತ್ತೆಂಬುದೇ ನೆನಪಾಗಿರಲಿಲ್ಲ. ಡಾಕ್ಟರು ನಿಧಾನವಾಗಿ ತಲೆಯೆತ್ತಿ ಅವಳನ್ನು ನೋಡಿದರು; ಅವರ ಮುಖದಲ್ಲಿ ಯುಗಾದಿಯ ದಿನದ ಅದೇ ಕನಿಕರ ಮೂಡತೊಡಗಿತ್ತು. ಅವರು ಮತ್ತೊಮ್ಮೆ ಕ್ಷಮಿಸಿಬಿಡುವ ಮೊದಲೇ ಅಲಮೇಲು ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸದೆ, "ಅಕ್ಟೋಬರ್" ಎಂದಳು.