ಎಣಿಸಿದೆ

ಒಕ್ಕಣೆಯ ಕಾಲ. ಬೆಳಗಿನ ಇಬ್ಬನಿ ಆರುವುದನ್ನೇ ಕಾದು ಊರಂಚಿನ ಕಣದಲ್ಲಿ ಮಷಿನ್ ಶುರುವಾಗಿತ್ತು. ಹೆಂಗಸರು ತೆನೆಯ ಹೊರೆ ಎತ್ತಿ ಕೊಡುತ್ತಿದ್ದರು. ಗಂಡಸರು ಅದನ್ನು ಮಷಿನ್ನಿನ ಬಾಯಿಗೆ ತುರುಕುತ್ತಿದ್ದರು. ಹೊಟ್ಟು ಹಾರಿ ಎಲ್ಲರ ಹುಬ್ಬೂ ಬೆಳ್ಳಗಾಗಿತ್ತು. ಮಗ್ಗುಲ ಮರದಲ್ಲಿ ಜೇನುಗೂಡಿರುವುದು ಎಲ್ಲರಿಗೂ ಗೊತ್ತಿತ್ತು. ಮಷಿನ್ನಿನ ಹೊಗೆ ಅತ್ತ ತಿರುಗಿದ್ದನ್ನು ಮಾತ್ರ ಯಾರೂ ಗಮನಿಸಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ನಾಲ್ವರು ಮಷಿನ್ ಯಜಮಾನನನ್ನು ಏಣಿಯ ಮೇಲೆ ಮಲಗಿಸಿಕೊಂಡು ಸ್ವಯಂಸೇವಕರ ಕೋಣೆಗೆ ಓಡಿಬಂದರು. ಜೇನು ಕಚ್ಚಿ ತುಟಿ ಊದಿತ್ತು. ಉಸಿರು ಸೀಟಿ ಹೊಡೆಯುತ್ತಿತ್ತು.

ಆ ಕೋಣೆಗೆ ನರ್ಸಮ್ಮನೇ ದೊಡ್ಡವಳು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತಳಾದ ಮೇಲೆ ಊರಿನ ಆರು ಜನರನ್ನು ಕಟ್ಟಿಕೊಂಡು ಈ ತಂಡ ಮಾಡಿದ್ದಳು. ನೆರೆ ಬರಲಿ, ಬೆಂಕಿ ಬೀಳಲಿ, ವಾಂತಿಭೇದಿ ಹಬ್ಬಲಿ, ಪೇಟೆಯ ಆಸ್ಪತ್ರೆ ಸೇರುವವರೆಗೆ ಊರಿಗೆ ಇವರೇ ಗತಿ.

“ಕೆಂಪು ಪೆಟ್ಟಿಗೆ,” ಎಂದಳು.

ಕೋಣೆ ಗುಡಿಸುವ ಹೆಂಗಸು ಸೊಂಟದಿಂದ ಕೀಲಿಕೈ ಬಿಚ್ಚಿ ಪೆಟ್ಟಿಗೆ ತೆರೆದಳು. ಬಾಗಿಲಿಗೂ ಪೆಟ್ಟಿಗೆಗೂ ಆಗುವ ಆ ಕೀಲಿಕೈಯಿಂದಲೇ ಅವಳಿಗೆ ಕೀಲಿಯಕ್ಕ ಎಂದು ಹೆಸರು. ನರ್ಸಮ್ಮ ಚುಚ್ಚುಮದ್ದಿನ ರಟ್ಟಿನ ಡಬ್ಬಿ ತೆಗೆದಳು. ಹತ್ತಿಯ ಮೇಲೆ ಮೂರು ಗಾಜಿನ ಕೊಳವೆಗಳು. ಒಂದರ ಕತ್ತು ಮುರಿದು ಸಿರಿಂಜಿಗೆ ಎಳೆದುಕೊಂಡಳು. ಸೂಜಿ ಚುಚ್ಚುವ ಮೊದಲು ಗಾಜು ತಿರುಗಿಸಿ ಓದುವುದು ಮೂವತ್ತು ವರ್ಷದ ಅಭ್ಯಾಸ. ಓದಿದಳು.

ಅದು ಮದ್ದಲ್ಲ. ಪುಡಿ ಔಷಧಿ ಕಲಸುವ ಬರೀ ನೀರು. ಉಳಿದ ಎರಡರಲ್ಲೂ ಅದೇ.

“ವ್ಯಾನ್ ತೆಗಿ,” ಎಂದಳು.

ಡ್ರೈವರ್ ಆಗಲೇ ಓಡುತ್ತಿದ್ದ. ವ್ಯಾನ್ ಹೋದ ಮೇಲೂ ಕಣದ ಕಡೆಯಿಂದ ಮಷಿನ್ನಿನ ಸದ್ದು ಬರುತ್ತಲೇ ಇತ್ತು. ಅದನ್ನು ನಿಲ್ಲಿಸಲು ಯಾರಿಗೂ ನೆನಪಾಗಿರಲಿಲ್ಲ.

*

ಮಧ್ಯಾಹ್ನ ಪೇಟೆಯಿಂದ ಫೋನ್ ಬಂತು. ಉಸಿರಿದೆ, ಪ್ರಜ್ಞೆಯಿಲ್ಲ. ಆರೋಗ್ಯ ಕಚೇರಿಯಿಂದಲೂ ಬಂತು. ಸೋಮವಾರ ಅಧಿಕಾರಿ ಬರುತ್ತಾರೆ, ಕದ್ದವರ ಹೆಸರು ವರದಿಯಲ್ಲಿರಬೇಕು, ಅದು ಪೊಲೀಸರಿಗೆ ಹೋಗುತ್ತದೆ.

ಎಲ್ಲರೂ ಮೇಜಿನ ಸುತ್ತ ಕೂತರು. ರಿಜಿಸ್ಟರ್ ಇಡುತ್ತಿದ್ದದ್ದು ಮೇಷ್ಟ್ರು. ಶಾಲೆಯ ಕೆಲಸದಿಂದ ನಿವೃತ್ತರಾಗಿ ಎಂಟು ವರ್ಷವಾದರೂ ಕಿವಿಯ ಮೇಲಿನ ಕೆಂಪು ಪೆನ್ನು ಇಳಿದಿರಲಿಲ್ಲ.

“ಕೊನೆಗೆ ಪೆಟ್ಟಿಗೆ ನೋಡಿದ್ದು ಯಾವಾಗ?” ನರ್ಸಮ್ಮ ಕೇಳಿದಳು.

“ಹೋದ ತಿಂಗಳ ಕೊನೇಗೆ. ‘ಎಣಿಸಿದೆ’ ಅಂತ ಬರೆದು ನೀವೇ ಸಹಿ ಹಾಕಿದೀರಿ.”

ಅದು ಅವಳೇ ಮಾಡಿದ ನಿಯಮ. ‘ಇದೆ’ ಎಂದು ಬರೆಯುವಂತಿಲ್ಲ. ಒಂದೊಂದನ್ನೂ ಮುಟ್ಟಿ ‘ಎಣಿಸಿದೆ’ ಎಂದೇ ಬರೆಯಬೇಕು. ನಿಯಮ ಬಂದ ದಿನ ಮೇಷ್ಟ್ರು, “ಎಣಿಸಿದೆ ಅಂದ್ರೆ ಲೆಕ್ಕ ಹಾಕಿದೆ ಅಂತಲೂ ಆಗುತ್ತೆ, ಅಂದ್ಕೊಂಡೆ ಅಂತಲೂ ಆಗುತ್ತೆ. ನಿಮಗೆ ಯಾವುದು ಬೇಕು?” ಎಂದು ಕಾಲೆಳೆದಿದ್ದರು. “ನನ್ನ ಕೈಲಿ ಅದಕ್ಕೆ ಒಂದೇ ಅರ್ಥ,” ಎಂದಿದ್ದಳು.

“ಅಂದ್ರೆ ಇದು ಆಗಿರೋದು ಈ ಮೂರು ವಾರದಲ್ಲಿ,” ಎಂದಳು ಈಗ. “ಈ ಮೂರು ವಾರ ಪೆಟ್ಟಿಗೆ ಕೋಣೆ ಬಿಟ್ಟು ಹೋಗಿಲ್ಲ. ಕೀಲಿಕೈ ಇರೋದು ಒಂದೇ.”

ಎಲ್ಲರ ಕಣ್ಣೂ ಬಾಗಿಲ ಬಳಿ ನಿಂತಿದ್ದ ಕೀಲಿಯಕ್ಕನ ಕಡೆ ಹೊರಳಿತು.

“ನಿನ್ನ ಮಗಳು ಪೇಟೆ ನರ್ಸಿಂಗ್ ಹೋಮಲ್ಲಿ ಅಲ್ವಾ ಕೆಲಸಕ್ಕಿರೋದು?”

“ಹೌದಕ್ಕಾ. ಆಯಾ.”

“ಅಲ್ಲಿ ಇಂಥ ನೀರು ಬೇಕಾದಷ್ಟು ಬಿದ್ದಿರುತ್ತೆ.”

“ಇರಬಹುದು. ನಂಗೇನು ಗೊತ್ತಕ್ಕಾ.”

“ಚೀಲ ಕೊಡು.”

ಕೊಟ್ಟಳು. ನರ್ಸಮ್ಮ ಅದನ್ನು ಮೇಜಿನ ಮೇಲೆ ತಲೆಕೆಳಗು ಮಾಡಿ ಕೊಡವಿದಳು. ಒಂದು ಬಾಚಣಿಗೆ, ಮಡಚಿದ ಬಟ್ಟೆ, ಕಾಗದದಲ್ಲಿ ಸುತ್ತಿದ ಮೂರು ಸೋಪಿನ ಚೂರು.

“ಇದು ಇಲ್ಲಿಯ ಸೋಪು.”

“ಕರಗಿ ಉಳಿದದ್ದು, ಅಕ್ಕಾ. ಕೈ ತೊಳೆಯೋ ಪಾಠ ನೀವೇ ಹೇಳಿಕೊಟ್ರಲ್ಲ. ಮೊಮ್ಮಕ್ಕಳಿಗೂ ಮಾಡಿ ತೋರಿಸೋಣ ಅಂತ.”

ಯಾರೋ ಕಿಸಕ್ಕೆಂದರು.

“ಇವತ್ತು ಸೋಪು, ನಾಳೆ ಔಷಧಿ,” ಎಂದಳು ನರ್ಸಮ್ಮ. “ಕೀಲಿಕೈ ಇಡು ಇಲ್ಲಿ.”

ಸೊಂಟದ ದಾರದ ಗಂಟು ಬಿಚ್ಚಲು ಹೊತ್ತು ಹಿಡಿಯಿತು. ಕೀಲಿಯಕ್ಕ ಬಾಚಣಿಗೆ, ಬಟ್ಟೆ ಎತ್ತಿ ಚೀಲಕ್ಕೆ ಹಾಕಿಕೊಂಡಳು. ಸೋಪಿನ ಚೂರುಗಳನ್ನು ಮೇಜಿನ ಮೇಲೆಯೇ ಬಿಟ್ಟು ಹೊರಟುಹೋದಳು.

*

ಮರುದಿನ ಬೆಳಿಗ್ಗೆ ನರ್ಸಮ್ಮ ವರದಿ ಬರೆಯಲು ಕೂತಳು.

“ಬರೀರಿ. ಕಾಗುಣಿತ ನಾನು ನೋಡ್ಕೋತೀನಿ,” ಎಂದರು ಮೇಷ್ಟ್ರು.

ಡಬ್ಬಿ ಹೇಗಿತ್ತೋ ಹಾಗೆಯೇ ಅಧಿಕಾರಿಗೆ ತೋರಿಸಬೇಕು. ಉಳಿದ ಎರಡು ಕೊಳವೆಗಳನ್ನು ಹತ್ತಿಯ ಮೇಲಿಡಲು ಹೋದಳು. ಹೇಗಿದ್ದವು? ತಾನು ಗಾಜು ತಿರುಗಿಸಿ ಓದಿದ್ದು ನೆನಪಾಯಿತು. ಮೊದಲನೆಯದನ್ನೂ ತಿರುಗಿಸಬೇಕಾಯಿತು. ಎರಡನೆಯದನ್ನೂ. ಮೂರನೆಯದನ್ನೂ. ಮೂರರ ಅಕ್ಷರವೂ ಹತ್ತಿಯ ಕಡೆಗೇ ಮುಖ ಮಾಡಿ ಮಲಗಿತ್ತು.

“ಮೇಷ್ಟ್ರೇ, ಕೀಲಿಯಕ್ಕನಿಗೆ ಓದೋಕೆ ಬರುತ್ತಾ?”

“ಎಲ್ಲಿಯದು. ಎರಡು ವರ್ಷ ಕಲಿಸಿ ನಾನೇ ಸೋತೆ. ನನ್ನ ಹೆಸರು ಬರೆಯೋಕೆ ಬಂದ್ರೆ ಸಾಕು ಮೇಷ್ಟ್ರೇ ಅಂದ್ಲು. ಅದೂ ಬರಲಿಲ್ಲ.”

ನರ್ಸಮ್ಮ ಪೆನ್ನು ಕೆಳಗಿಟ್ಟಳು. “ಓದೋಕೆ ಬಾರದವಳಿಗೆ ನೀರು ಯಾವುದು, ಮದ್ದು ಯಾವುದು ಹೇಗೆ ಗೊತ್ತಾಗಬೇಕು? ಮೂರರ ಅಕ್ಷರವನ್ನೂ ನೋಡಿ ನೋಡಿ ಕೆಳಗೆ ಯಾಕೆ ಮಾಡ್ತಾಳೆ?”

ಮೇಷ್ಟ್ರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಹೊರಗೆ ತೆಗೆದಳು. ಬ್ಯಾಂಡೇಜು, ಕತ್ತರಿ, ಟಾರ್ಚು, ಕೈಗವಸು. ತಳದ ಬಟ್ಟೆ ಎತ್ತಿದಾಗ ಮೂಲೆಯಲ್ಲಿ ಏನೋ ಮಿನುಗಿತು. ಉಗುರಿನಷ್ಟು ಗಾಜಿನ ಚೂರು. ಮೇಲೆ ಮದ್ದಿನ ಹೆಸರಿನ ಕೊನೆಯ ಎರಡು ಅಕ್ಷರ.

ಪೆಟ್ಟಿಗೆಯನ್ನು ಬೆಳಕಿಗೆ ತಿರುಗಿಸಿದಳು. ಅದೇ ಮೂಲೆ ಹೊರಗಿನಿಂದ ಒಳಕ್ಕೆ ನೆಗ್ಗಿತ್ತು. ಅಷ್ಟು ಜಾಗಕ್ಕೆ ಮಾತ್ರ ಹೊಸ ಬಣ್ಣ. ಉಳಿದ ಕೆಂಪಿಗಿಂತ ಸ್ವಲ್ಪ ಹೆಚ್ಚೇ ಕೆಂಪು.

ಕಿಟಕಿಯಾಚೆ ವ್ಯಾನ್ ನಿಂತಿತ್ತು. ಅದರ ಬಾಗಿಲ ಮೇಲಿನ ಗುರುತೂ ಅದೇ ಕೆಂಪು. ಮೂರು ತಿಂಗಳ ಹಿಂದೆ, ನೆರೆ ಬಂದರೆ ಜನರನ್ನು ಕಾಪಾಡುವ ತಾಲೀಮು ಮುಗಿದ ವಾರ, ಡ್ರೈವರ್ ತಾನೇ ಕೂತು ಬಳಿದದ್ದು. ತಾಲೀಮಿನ ದಿನ ಪೆಟ್ಟಿಗೆ ಕೀಲಿಕೈ ಸಮೇತ ವ್ಯಾನಿಗೆ ಹೋಗುತ್ತದೆ.

“ಕದ್ದಿಲ್ಲ ಮೇಷ್ಟ್ರೇ. ಬಿದ್ದು ಒಡೆದಿದೆ. ಮೂರು ತಿಂಗಳ ಹಿಂದೆ.”

“ಅದು ಹೇಗಾಗುತ್ತೆ? ಆಮೇಲೆ ಮೂರು ಸಲ ನೀವೇ…” ಎಂದು ರಿಜಿಸ್ಟರಿಗೆ ಕೈ ಹಾಕಿದ ಮೇಷ್ಟ್ರು ಅಲ್ಲಿಗೇ ನಿಲ್ಲಿಸಿದರು.

*

ಡ್ರೈವರ್ ವ್ಯಾನಿನ ಗಾಜು ಒರೆಸುತ್ತಿದ್ದ.

“ಪೆಟ್ಟಿಗೆ ಎಲ್ಲಿ ಬಿತ್ತು?”

ಅವನ ಕೈ ಎರಡು ಸಲ ಆಡಿ ನಿಂತಿತು. “ಸೇತುವೆ ತಿರುವಲ್ಲಿ. ಹಿಂದಿನ ಬಾಗಿಲು ಸರಿಯಾಗಿ ಹಾಕಿರಲಿಲ್ಲ, ಅಕ್ಕಾ.”

“ನೀರು?”

“ಪೇಟೆ ಆಸ್ಪತ್ರೆ ಕಾಂಪೌಂಡರ್ ಹತ್ರ ಇಸ್ಕೊಂಡೆ. ನಮ್ಮನೆ ನಾಯಿ ಕಣ್ಣು ತೊಳೆಯೋಕೆ ಅಂದೆ. ನಮ್ಮನೇಲಿ ನಾಯೇ ಇಲ್ಲ.”

“ನನಗೆ ಹೇಳೋಕೆ ಏನಾಗಿತ್ತು ನಿನಗೆ?”

ಅವನು ಒದ್ದೆ ಬಟ್ಟೆ ಹಿಂಡಿದ. “ನಮ್ಮ ತಂಡದಲ್ಲಿದ್ದ ಟೈಲರ್ ಥರ್ಮಾಮೀಟರ್ ಒಡೆದಾಗ ಏನು ಮಾಡಿದ್ರಿ? ಚೂರು ಅವನ ಅಂಗೈ ಮೇಲೇ ಇಡಿಸಿ, ಎಲ್ಲರ ಎದುರಿಗೆ ನಿಲ್ಲಿಸಿ, ಈ ಕೈಗೆ ಜನರ ಜೀವ ಕೊಡೋದಾ ಅಂದ್ರಿ. ಅವನು ಆಮೇಲೆ ಈ ಕಡೆ ತಲೆ ಹಾಕಿದ್ನಾ?”

ನರ್ಸಮ್ಮ ವ್ಯಾನಿನ ಬಾಗಿಲ ಕೆಂಪು ಗುರುತಿನ ಕಡೆ ನೋಡಿದಳು.

“ಹೊಸದಕ್ಕೆ ಅರ್ಜಿ ಹಾಕಬೇಕು ಅಂದ್ರೂ ಸಹಿ ನಿಮ್ಮದೇ ಬೇಕು. ತಿಂಗಳ ಕೊನೇಗೆ ನೀವು ಎಣಿಸ್ತೀರಲ್ಲ, ಆಗ ಸಿಕ್ಕಿಬೀಳ್ತೀನಿ, ಬೈಸ್ಕೊಂಡ್ರಾಯ್ತು ಅಂತ ಕಾದೆ ಅಕ್ಕಾ. ಒಂದು ತಿಂಗಳು ಕಾದೆ. ಎರಡು ಕಾದೆ. ಮೂರಾಯ್ತು. ನೀವು ಬೈಯಲೇ ಇಲ್ಲ.” ಅವನು ತಲೆ ತಗ್ಗಿಸಿದ. “ನಿನ್ನೆ ದಾರಿಯುದ್ದ ಯಜಮಾನನ ಉಸಿರು ಕೇಳಿಸ್ಕೊಂಡೇ ಗಾಡಿ ಓಡಿಸ್ದೆ. ವಾಪಸ್ ಬಂದ್ರೆ ಇಲ್ಲಿ ಕೀಲಿಯಕ್ಕನ ಚೀಲ ಕೊಡವ್ತಾ ಇದ್ರಿ. ಬಾಗಿಲಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.”

*

ಸಂಜೆ ನರ್ಸಮ್ಮ ಕೀಲಿಯಕ್ಕನ ಮನೆಗೆ ಹೋದಳು. ಕೀಲಿಯಕ್ಕ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಎದ್ದು ಕೈ ತೊಳೆದಳು. ಅಂಗೈ, ಮುಂಗೈ, ಬೆರಳ ಸಂದಿ, ಉಗುರು. ಪಾಠದಲ್ಲಿ ಹೇಳಿಕೊಟ್ಟ ಹಾಗೆಯೇ.

“ತಪ್ಪಾಯ್ತು,” ಎಂದಳು ನರ್ಸಮ್ಮ. “ನೀನಲ್ಲ ಅಂತ ಗೊತ್ತಾಯ್ತು.”

ಕೀಲಿಯಕ್ಕ ಸೆರಗಿಗೆ ಕೈ ಒರೆಸಿಕೊಂಡಳು.

“ಚೀಲ ಕೊಡವಿದ್ದು ಎಲ್ಲರ ಎದುರಿಗೆ,” ಎಂದಳು. “ಈಗ ಒಬ್ಬರೇ ಬಂದಿದೀರಿ.”

ಬಿರುಸಾಗಿ ಹೇಳಲಿಲ್ಲ. ಮತ್ತೆ ಪಾತ್ರೆಗೆ ಕೂತಳು.

*

ಸೋಮವಾರ ಅಧಿಕಾರಿಯ ಎದುರಿಗೆ, ತಂಡದ ಎದುರಿಗೆ, ಬಾಗಿಲಲ್ಲಿ ಸೇರಿದ್ದ ಊರವರ ಎದುರಿಗೆ ನರ್ಸಮ್ಮ ಎದ್ದು ನಿಂತಳು. ಕೀಲಿಯಕ್ಕ ಹಿಂದೆ ಗೋಡೆಗೆ ಒರಗಿದ್ದಳು.

ಹತ್ತಿಯ ಕಡೆ ತಿರುಗಿದ್ದ ಅಕ್ಷರ, ತಳದ ಗಾಜು, ಮೂಲೆಯ ಬಣ್ಣ, ಎಲ್ಲವನ್ನೂ ಒಂದೊಂದಾಗಿ ತೋರಿಸಿದಳು. ಡ್ರೈವರ್ ಎದ್ದು, ತಾನೇ ಎಂದು ಒಪ್ಪಿಕೊಂಡ. ಅಧಿಕಾರಿ ಬರೆದುಕೊಂಡು ಪೆನ್ನಿನ ಮುಚ್ಚಳ ಹಾಕಿದರು.

“ಇನ್ನೊಂದು ಹೆಸರಿದೆ, ಬರ್ಕೊಳ್ಳಿ,” ಎಂದಳು ನರ್ಸಮ್ಮ. ರಿಜಿಸ್ಟರ್ ತೆರೆದು ಅವರ ಕಡೆ ತಳ್ಳಿದಳು. “ಅವನು ಒಡೆದದ್ದನ್ನು ಮುಚ್ಚಿಟ್ಟ. ಮುಚ್ಚಿಟ್ಟಿದ್ದು ಮೂರು ತಿಂಗಳು ಉಳಿದದ್ದು ನನ್ನಿಂದ. ಮುಚ್ಚಳ ಎತ್ತಿ ನೋಡ್ದೆ. ಡಬ್ಬಿ ಜಾಗದಲ್ಲಿತ್ತು. ಒಳಗೂ ಇರುತ್ತೆ ಅಂದ್ಕೊಂಡು ‘ಎಣಿಸಿದೆ’ ಅಂತ ಬರೆದೆ. ಮೂರು ಸಲ. ಆ ಬರಹ ನಂಬಿಯೇ ಈ ಹೆಂಗಸಿನ ಚೀಲ ಕೊಡವಿದೆ. ಕೀಲಿಯಕ್ಕಾ, ಎಲ್ಲರ ಎದುರಿಗೆ ಕೇಳ್ತಿದೀನಿ, ನನ್ನದು ತಪ್ಪಾಯ್ತು.”

ಮೇಷ್ಟ್ರು ಕಿವಿಯಿಂದ ಕೆಂಪು ಪೆನ್ನು ತೆಗೆದು ಜೇಬಿಗೆ ಹಾಕಿಕೊಂಡರು. ನರ್ಸಮ್ಮ ಕೀಲಿಕೈಯನ್ನು ಮೇಜಿನ ಅಂಚಿಗೆ ಸರಿಸಿದಳು. ಕೀಲಿಯಕ್ಕ ಅದನ್ನು ನೋಡಿದಳು. ಎತ್ತಿಕೊಳ್ಳಲಿಲ್ಲ.

ಮಷಿನ್ ಯಜಮಾನ ಬದುಕಿದ. ನಾಲಿಗೆ ಮಾತ್ರ ಮೊದಲಿನಂತೆ ಹೊರಳಲಿಲ್ಲ. ಡ್ರೈವರ್ ವಿಚಾರಣೆ ಮುಗಿಯುವವರೆಗೆ ವ್ಯಾನ್ ಮುಟ್ಟುವಂತಿರಲಿಲ್ಲ. ಬಿಡುವಿದ್ದಾಗೆಲ್ಲ ಕಣಕ್ಕೆ ಹೋಗಿ ಯಜಮಾನನ ಬದಲಿಗೆ ಮಷಿನ್ನಿಗೆ ನಿಲ್ಲುತ್ತಿದ್ದ.

ಕೀಲಿಯಕ್ಕ ಮೂರನೆಯ ದಿನ ಕೆಲಸಕ್ಕೆ ಬಂದಳು. “ಬಾಗಿಲು ನೀವೇ ತೆಗೀರಿ, ಅಕ್ಕಾ,” ಎಂದಳು. ಅಂದಿನಿಂದ ನರ್ಸಮ್ಮ ದಿನಾ ಬಂದು ಬಾಗಿಲು ತೆಗೆದು, ಗುಡಿಸಿ ಮುಗಿಯುವವರೆಗೆ ಬಿಸಿಲಿನಲ್ಲಿ ನಿಲ್ಲುತ್ತಾಳೆ. ಕೀಲಿಯಕ್ಕ ನೆಲ ಒರೆಸಿ, ಪೊರಕೆ ಮೂಲೆಗಿಟ್ಟು, ಹೊರಡುವಾಗ ಅವಳೆದುರು ಚೀಲದ ಬಾಯಿ ಅಗಲಿಸಿ ಹಿಡಿಯುತ್ತಾಳೆ. ಒಳಗೆ ಬಾಚಣಿಗೆ, ಮಡಚಿದ ಬಟ್ಟೆ.

“ಬೇಡ ಕಣೇ,” ಎನ್ನುತ್ತಾಳೆ ನರ್ಸಮ್ಮ.

“ಇರ್ಲಿ ಅಕ್ಕಾ. ಎಣಿಸ್ಕೊಳ್ಳಿ.”