ಬರುವ ಭಯ, ಬಾರದ ಭಯ

ಆಸ್ಟಿನ್‌ನಿಂದ ಹ್ಯೂಸ್ಟನ್‌ಗೆ ಮಗಳು ಶ್ರೇಯಾ ಡ್ರೈವ್ ಮಾಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಅವಳ ಲ್ಯಾಟಿನ್ ಕ್ವಿಜ್ ಕಾರ್ಡುಗಳನ್ನು ಓದುತ್ತಿದ್ದೆ.

"ತಿಮೆಯೋ ನೇ ವೆನಿಯತ್. ಅವನು ಬರಲ್ಲ ಅಂತ ನನಗೆ ಭಯ. ಸರಿನಾ?"

"ನೋ ಅಮ್ಮಾ! ಎವ್ರಿಬಡಿ ಮಿಸ್ಸಸ್ ದಟ್."

ಭಯದ ಮಾತಿನಲ್ಲಿ ಲ್ಯಾಟಿನ್ ತಿರುಗುಮುರುಗಂತೆ. 'ನೇ' ಇದ್ದರೆ ಬಂದೇಬಿಡುತ್ತಾನೆಂಬ ಭಯ. 'ಉತ್' ಇದ್ದರೆ ಬರುವುದೇ ಇಲ್ಲವೆಂಬ ಭಯ.

ನನ್ನದು 'ನೇ' ಎಂದುಕೊಂಡೆ.

ಪ್ರಭಂಜನ ಡಾಲಸ್ ತಂಡದ ಸಿಯಾಳ ತಂದೆ. ಹೆಂಡತಿ ತೀರಿಕೊಂಡು ಐದು ವರ್ಷ. ಮಕ್ಕಳ ಪ್ರತಿ ಲ್ಯಾಟಿನ್ ಕ್ವಿಜ್ ಸ್ಪರ್ಧೆಯಲ್ಲೂ ಅವರು ಸ್ಟಾಪ್‌ವಾಚ್ ಹಿಡಿಯುತ್ತಿದ್ದರು, ನಾನು ಅಂಕ ಬರೆಯುತ್ತಿದ್ದೆ. ಪ್ರಶ್ನೆ ಮುಗಿದು ಬಝರ್ ಒತ್ತುವವರೆಗಿನ ಆ ಕೆಲವು ಸೆಕೆಂಡು ಅವರು ಗಡಿಯಾರ ಬಿಟ್ಟು ನನ್ನನ್ನು ನೋಡುತ್ತಿದ್ದರು. ನಾನು ಹತ್ತನ್ನು ಇಪ್ಪತ್ತೆಂದು ಬರೆದು ತಿದ್ದುತ್ತಿದ್ದೆ.

ಕಳೆದ ತಿಂಗಳು ಡಾಲಸ್‌ನಲ್ಲಿ ಬಝರ್‌ಗಳ ವೈರು ಸುತ್ತುತ್ತಾ ಕೇಳಿಯೇಬಿಟ್ಟರು. "ವಸುಧಾ ಅವರ, ಮದುವಿ ಆಗೋಣೇನ್ರಿ?"

ಒಂದು ಮದುವೆಯಿಂದ ತಪ್ಪಿಸಿಕೊಂಡು ಬಂದವಳು ನಾನು. ಬಾಗಿಲಲ್ಲಿ ಕೀ ತಿರುಗುವ ಸದ್ದಿಗೆ ಈಗಲೂ ಬೆಚ್ಚುತ್ತೇನೆ. "ನಂಗೆ ಭಯ" ಎಂದಷ್ಟೇ ಹೇಳಿ ಹೊರಟೆ.

"ಹ್ಯೂಸ್ಟನ್‌ದಾಗ ಹೇಳ್ರಿ," ಎಂದಿದ್ದರು ಹಿಂದಿನಿಂದ. "ಬ್ಯಾಡ ಅಂದ್ರ ಮತ್ತ ಕೇಳಂಗಿಲ್ಲ."

ಹ್ಯೂಸ್ಟನ್‌ನ ಶಾಲೆಯಲ್ಲಿ ಸಿಯಾ ತಂಡದ ಬಸ್ಸಿನಿಂದ ಇಳಿದಳು. ಅವಳಪ್ಪ ಎಲ್ಲಿ ಎಂದು ಕೇಳಲು ಧೈರ್ಯವಾಗಲಿಲ್ಲ. ಮೊದಲ ಸುತ್ತು ಶುರುವಾದಾಗ ಸ್ಟಾಪ್‌ವಾಚ್ ಬೇರೆ ಯಾರದೋ ಕೈಯಲ್ಲಿತ್ತು. ನನ್ನ ಭಯವನ್ನೇ 'ಬೇಡ' ಎಂಬ ಉತ್ತರವೆಂದುಕೊಂಡರೇ? ಶ್ರೇಯಾ ಬಝರ್ ಒತ್ತಿ ಸರಿಯುತ್ತರ ಕೊಟ್ಟಳು. ನಾನು ಅಂಕ ಬರೆಯಲು ಮರೆತೆ.

ವಿರಾಮದಲ್ಲಿ ಶ್ರೇಯಾ ಬಂದು ನನ್ನ ಪಕ್ಕದ ಖಾಲಿ ಕುರ್ಚಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಪ್ರಭಂಜನ ಅಂಕಲ್?"

ಇವಳಿಗೆ ಗೊತ್ತಾಗುವ ಈ ದಿನಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಹೆದರಿದ್ದೆ.

"ನೇ ಆರ್ ಉತ್, ಅಮ್ಮಾ?" ಮೆಲ್ಲಗೆ ಕೇಳಿದಳು.

ಸುಳ್ಳು ಹೇಳಬಹುದಿತ್ತು. "ಉತ್," ಎಂದೆ.

ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ತನ್ನ ಹತ್ತು ಅಂಕ ಬರೆದಳು. "ಐ ನ್ಯೂ. ಯುವರ್ ಸ್ಕೋರ್‌ಶೀಟ್ಸ್ ಆರ್ ಟೆರಿಬಲ್."

ಎರಡನೇ ಸುತ್ತಿಗೆ ಬಾಗಿಲು ತಳ್ಳಿಕೊಂಡು ಅವರು ಬಂದರು. ಅಂಗಿಯ ತೋಳಿಗೆ ಕಪ್ಪು ಮಸಿ.

"ದಾರ್ಯಾಗ ಟೈರ್ ಪಂಕ್ಚರ್ ಆತ್ರಿ." ಸ್ಟಾಪ್‌ವಾಚ್ ಇಸಿದುಕೊಂಡು ಪಕ್ಕದಲ್ಲಿ ಕೂತು ದನಿ ತಗ್ಗಿಸಿದರು. "ಇನ್ನೂ ಅಂಜಿಕಿ ಐತೇನ್ರಿ?"

"ಇದೆ."

ಅವರ ಮುಖ ಇಳಿಯಿತು.

"ಅದಲ್ಲ," ಎಂದೆ. "ಇವತ್ತು ನೀವು ಬರಲೇ ಇಲ್ವೇನೋ ಅಂತ."

"ಟೈಮ್?" ಎಂದರು ಕ್ವಿಜ್ ಮಾಸ್ಟರ್. ಮತ್ತೊಮ್ಮೆ ಕೇಳಿದರು.

ಪ್ರಭಂಜನ ಸ್ಟಾಪ್‌ವಾಚ್ ಒತ್ತುವುದನ್ನೇ ಮರೆತಿದ್ದರು.