ಮುಗಿಲಕೊಂಬಿನ ಇಳಿಹೆಜ್ಜೆಗಳು

ಬಲು ಹಿಂದಿನ ಮಾತು. ಬೆಟ್ಟಗಳು ಇನ್ನೂ ಬೆಳೆಯುತ್ತಿದ್ದ ಕಾಲ. ಬೆಳ್ಳಿಗಟ್ಟ ಅಂತ ಒಂದು ರಾಜ್ಯ, ಅದಕ್ಕೊಬ್ಬ ಅರಸ. ಅರಸ ಒಳ್ಳೆಯವನೇ, ಇಲ್ಲ ಅನ್ನುವುದಿಲ್ಲ. ಆದರೆ ಕೊನೆಯಲ್ಲಿ ಯಾರು ಮಾತಾಡಿದರೋ ಅವರು ಹೇಳಿದ್ದೇ ಸರಿ ಅನ್ನುವ ಪೈಕಿ.

ಆ ರಾಜ್ಯದ ನೆತ್ತಿಯ ಮೇಲೆ ಮುಗಿಲಕೊಂಬು ಅನ್ನುವ ಹಿಮದ ಬೆಟ್ಟ. ಅದರ ತುದಿಗೆ ಒಂದು ದಿನ ಕೊರೆಗಣ್ಣ ಅನ್ನುವ ಮಾಂತ್ರಿಕ ಬಂದು ಕೂತ. ಮೈಯೆಲ್ಲ ಮಂಜುಗಡ್ಡೆ, ಹಣೆಗೆ ಒಂದೇ ಕಣ್ಣು. ಆ ಕಣ್ಣು ತೆರೆದು ಕೆಳಗೆ ನೋಡಿದ, ಬಿಳಿಹೊಳೆ ಹೆಪ್ಪುಗಟ್ಟಿತು. ಮೋಡಗಳ ಕಡೆ ನೋಡಿದ, ಮೋಡಗಳು ಕಲ್ಲಾದವು. ಮಳೆಯೂ ಇಲ್ಲ, ಹೊಸ ಹಿಮವೂ ಇಲ್ಲ. ಕುಡಿಯುವುದಕ್ಕೆ ಜನ ಹೊಳೆಯನ್ನು ಕೊಡಲಿಯಿಂದ ಕಡಿಯಬೇಕಾಯಿತು.

ಅರಸ ದಂಡು ಕಳಿಸಿದ. ದಂಡಿಗೆ ದಳವಾಯಿ ಸಿಂಗಣಯ್ಯ. ಅವನ ಮೀಸೆ ನೋಡಬೇಕಿತ್ತು ನೀವು! ವಾರಕ್ಕೊಮ್ಮೆ ಕಾಡಿಗೆ ಬಳಿಯುತ್ತಿದ್ದ. ಬಳಿಯುತ್ತಿದ್ದವಳು ಹೆಂಡತಿಯಲ್ಲ, ಅರಮನೆಯ ಹೂವಾಡಗಿತ್ತಿ. ಆ ವಿಷಯ ಈಗ ಬೇಡ. ಅವನ ಹಿಂದೆ ನಡೆದ ಹುಡುಗರು ಮಾತ್ರ ಒಬ್ಬೊಬ್ಬರೂ ಬಂಗಾರದ ತುಂಡು. ಗಾಳಿಯೇ ಸಿಗದ ಎತ್ತರಕ್ಕೆ, ಹಿಟ್ಟಿನ ಗಂಟು ಹೆಗಲಿಗೆ ಹಾಕಿ, ಹಾಡು ಹೇಳುತ್ತಾ ಹೋದರು. ಅವರಲ್ಲಿ ಬೊಪ್ಪ ಒಬ್ಬ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಬಿಳಿಹೊಳೆ ಬಿರುಕು ಬಿಟ್ಟು ಹನಿಹನಿಯಾಗಿ ಹರಿಯತೊಡಗಿತು. ಹಿಂದೆಯೇ ದಳವಾಯಿ ಇಳಿದು ಬಂದ, ಒಬ್ಬನೇ. ತುಂಬಿದ ಓಲಗದಲ್ಲಿ ನಿಂತು ಹೇಳಿದ:

"ಹುಡುಗರೆಲ್ಲ ಹೋರಾಡಿ ಮಡಿದರು, ಸ್ವಾಮಿ. ಕೊನೆಗೆ ನಾನೇ ಕೊರೆಗಣ್ಣನ ಎದುರು ನಿಂತೆ. ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಬಾಯಲ್ಲಿ ಎರಡು ಸಾಲು ಹಲ್ಲು, ಕಿವಿಯಲ್ಲಿ ಹಾವಿನ ಓಲೆ! ನನ್ನ ನೋಟಕ್ಕೆ ಹೆದರಿ ಕಣ್ಣು ಮುಚ್ಚಿದ ನೋಡಿ, ಇನ್ನೂ ಬಿಟ್ಟಿಲ್ಲ. ಒಬ್ಬ ಮಾತ್ರ ಓಡಿಹೋದ, ಆ ಬೊಪ್ಪ. ಹಿಮದ ಮೇಲೆ ಅವನ ಹೆಜ್ಜೆ ಇವೆ. ಬೆರಳು ಕೆಳಗೆ, ಹಿಮ್ಮಡಿ ಮೇಲೆ."

ಮೂರು ದಿನ ಬಿಟ್ಟು ಜಕ್ಕ ಅನ್ನುವವನು ತೆವಳಿಕೊಂಡು ಬಂದ. ಎರಡು ಪಾದವೂ ಹಿಮಕ್ಕೆ ಸತ್ತಿದ್ದವು. ಅವನು ಹೇಳಿದ್ದೇ ಬೇರೆ.

"ಬೊಪ್ಪ ಓಡುವವನಲ್ಲ, ಬುದ್ಧಿ. ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತಿಸಿದ. ತನ್ನ ಕತ್ತಿಯನ್ನೇ ನನ್ನ ಮುರಿದ ಕಾಲಿಗೆ ದಬ್ಬೆ ಕಟ್ಟಿ, ಕೊನೆಯ ಇಳಿಜಾರಿನ ಬುಡದಲ್ಲಿ ಬಂಡೆಯ ಮರೆಗೆ ಕೂರಿಸಿ ಮೇಲೆ ಹೋದ. ದಳವಾಯಿಗಳು ತುದಿಗೆ ಹೋದದ್ದನ್ನ ನಾನಂತೂ ಕಾಣಲಿಲ್ಲ."

"ಹೆಜ್ಜೆ ಕಂಡೆಯೋ ಇಲ್ಲವೋ?" ಅಂದ ದಳವಾಯಿ.

ಜಕ್ಕ ತಲೆ ತಗ್ಗಿಸಿದ. "ಕಂಡೆ. ಬೆರಳು ಕೆಳಗೇ ಇದ್ದವು."

"ಪಾಪ, ಇವನ ಪಾದದ ಜೊತೆ ತಲೆಯೂ ಹೋಗಿದೆ," ಅಂತ ದಳವಾಯಿ ಮೀಸೆ ನೀವಿದ. ಕೊನೆಯಲ್ಲಿ ಮಾತಾಡಿದವನು ಅವನೇ ಆದ್ದರಿಂದ ಅರಸ ಅವನನ್ನೇ ನಂಬಿದ.

ಬೆಳ್ಳಿಗಟ್ಟದ ಕಟ್ಟಳೆ ಏನಪ್ಪಾ ಅಂದರೆ, ಯುದ್ಧದಿಂದ ಓಡಿದವನ ಮನೆಗೆ ಬಾಗಿಲು ಇರಕೂಡದು. ಬಡಗಿಗಳು ಬಂದು ಬೊಪ್ಪನ ಮನೆಯ ಬಾಗಿಲು ಕಿತ್ತುಕೊಂಡು ಹೋದರು. ನಾಯಿ ನುಗ್ಗಲಿ, ಹಂದಿ ನುಗ್ಗಲಿ, ಕೇಳುವ ಹಾಗಿಲ್ಲ. ಹುಣ್ಣಿಮೆಯೊಳಗೆ ಕಳಂಕ ಕಳೆಯದಿದ್ದರೆ ಹೆಂಡತಿಯೂ ತಾಯಿಯೂ ಗಡಿ ದಾಟಬೇಕು. ಬೀದಿಯ ಹೆಂಗಸರು ಬೇಕೆಂದೇ ಆ ಮನೆ ಮುಂದೆ ಹಾದು ಒಳಗೆ ಇಣುಕಿದರು.

ಬೊಪ್ಪನ ಹೆಂಡತಿ ಕೇತವ್ವ. ಮಾತಿಗೆ ನಿಂತರೆ ಸಂತೆಯೇ ಸುಮ್ಮನಾಗಬೇಕು, ಅಂಥವಳು. ಇಣುಕಿದವರಿಗೆ, "ಬನ್ನಿ ಅಕ್ಕಾ, ಒಳಗೇ ಬಂದು ನೋಡಿ, ನಿಮ್ಮ ಗಂಡ ಇಲ್ಲಿಲ್ಲ!" ಅಂದಳು. ಅತ್ತೆಗೆ ಹೇಳಿದಳು:

"ಅತ್ತೆ, ನಿಮ್ಮ ಮಗ ಬೆಕ್ಕು ಅಡ್ಡ ಬಂದರೆ ನಿಲ್ಲುತ್ತಾನೆ, ನಿಜ. ಆದರೆ ಜೊತೆಯವನನ್ನು ಬಿಟ್ಟು ಓಡುತ್ತಾನಾ? ಆ ಹೆಜ್ಜೆ ನಾನೇ ನೋಡಿ ಬರುತ್ತೇನೆ."

"ಹೆಂಗಸು ಬೆಟ್ಟ ಹತ್ತುವುದಾ, ಮಗಳೇ?"

"ಗಂಡಸರು ಹತ್ತಿ ಎರಡು ಕತೆ ತಂದಿದ್ದಾರಲ್ಲ. ಒಬ್ಬಳು ಹೆಂಗಸೂ ಹತ್ತಲಿ."

ಕಂಬಳಿ ಹೊದ್ದು, ರೊಟ್ಟಿ, ಕಾರದಪುಡಿ ಕಟ್ಟಿಕೊಂಡು ಹೊರಟಳು.

ಮೊದಲ ಮಜಲಿನಲ್ಲಿ ಒಂದು ಗವಿ, ಗವಿಯ ತುಂಬ ಹಿಮಕರಡಿ. "ಬೆಚ್ಚಗಿರುವುದು ಏನಾದರೂ ಕೊಡು, ಇಲ್ಲದಿದ್ದರೆ ನಿನ್ನನ್ನೇ ಅಪ್ಪಿಕೊಳ್ಳುತ್ತೇನೆ," ಅಂತು. ಕೇತವ್ವ ಕಂಬಳಿ ಕೊಟ್ಟಳು. ಕರಡಿ ಹೊದ್ದುಕೊಂಡು ಮುದ್ದಾಗಿ ಕೂತು ಮಾತಿಗಿಳಿಯಿತು.

"ನೀನು ಉದಾರಿ. ಆ ಮೀಸೆಯವನು ಏನೂ ಕೊಡಲಿಲ್ಲ. ಹುಡುಗರೆಲ್ಲ ಮೇಲೆ ಹೋದ ಮೇಲೆ ಇಲ್ಲೇ ಉಳಿದ. ಹೊಳೆ ಕರಗಿದ ಮೇಲಷ್ಟೇ ಇಳಿಜಾರಿನ ಬುಡದ ತನಕ ಹೋಗಿ ಇಣುಕಿ ಬಂದ. ಅದಕ್ಕೆ ಮೊದಲು ಕತ್ತಲಲ್ಲಿ ನನ್ನನ್ನು ಹಾಸಿಗೆ ಅಂದುಕೊಂಡು ತಬ್ಬಿ ಮಲಗಿದ. ನಿದ್ದೆಯಲ್ಲಿ ಹೂವಾಡಗಿತ್ತಿಯ ಹೆಸರು ಹಿಡಿದು ಕರೆದ. ನನ್ನ ಹೊಟ್ಟೆಗೆಲ್ಲ ಕಾಡಿಗೆ!"

ನಿಜಕ್ಕೂ ಬಿಳಿ ಹೊಟ್ಟೆಯ ಮೇಲೆ ಎರಡು ಕರಿ ಗೆರೆ. ಅಷ್ಟು ಚಳಿಯಲ್ಲೂ ಕೇತವ್ವನಿಗೆ ನಗು ತಡೆಯಲಿಲ್ಲ.

ಎರಡನೇ ಮಜಲಿನಲ್ಲಿ ಉಸಿರುಗಳ್ಳ ಹಕ್ಕಿ. ಕಣ್ಣಿಗೆ ಕಾಣದು, ರೆಕ್ಕೆ ಸದ್ದು ಮಾತ್ರ. ಬಾಯಿ ತೆರೆದವರ ಎದೆಯಿಂದ ಉಸಿರು ಕಿತ್ತುಕೊಳ್ಳುತ್ತದೆ. ಬೈದವರ ಉಸಿರು, ಜಂಬ ಕೊಚ್ಚಿದವರ ಉಸಿರು ಅದಕ್ಕೆ ಬಲು ರುಚಿ. ಕೇತವ್ವ ಎರಡು ಬೈಗುಳ ಬೈಯುವಷ್ಟರಲ್ಲಿ ಮೊಣಕಾಲೂರಿದಳು. ಹುಟ್ಟಿದಂದಿನಿಂದ ಮಾಡದ ಕೆಲಸವನ್ನು ಆಗ ಮಾಡಿದಳು, ಬಾಯಿ ಮುಚ್ಚಿದಳು. ಮೂಗಲ್ಲೇ ಸಣ್ಣಗೆ ಉಸಿರಾಡುತ್ತಾ, ಹೆಜ್ಜೆಗೊಮ್ಮೆ ನಿಲ್ಲುತ್ತಾ ಹತ್ತಿದಳು. ಈ ದಾರಿಯಲ್ಲಿ ಅವನು ಜಕ್ಕನನ್ನು ಬೆನ್ನ ಮೇಲೆ ಹೊತ್ತನೇ? ನೆನೆದರೆ ಎದೆ ತುಂಬಿ ಬಂತು.

ಮೂರನೇ ಮಜಲು ನೆಟ್ಟಗಿನ ಹಿಮದ ಇಳಿಜಾರು. ಅಲ್ಲಿ ದಂಡಿನ ಹುಡುಗರೆಲ್ಲ ನಿಂತಿದ್ದರು, ಮಂಜುಗಡ್ಡೆಯಾಗಿ. ಒಬ್ಬನ ಕೈಯಲ್ಲಿ ಎತ್ತಿದ ಈಟಿ. ಒಬ್ಬ ಇನ್ನೊಬ್ಬನಿಗೆ ಹೆಗಲು ಕೊಟ್ಟವನು ಹಾಗೇ ಇದ್ದ. ಒಬ್ಬನೂ ಹಿಂದಕ್ಕೆ ತಿರುಗಿರಲಿಲ್ಲ. ಎಲ್ಲರ ಮುಖವೂ ತುದಿಯ ಕಡೆಗೆ, ಎಲ್ಲರ ಕಣ್ಣೂ ತೆರೆದೇ. ಕೇತವ್ವ ಒಬ್ಬೊಬ್ಬರ ಗಲ್ಲ ಮುಟ್ಟಿ ನೋಡುತ್ತಾ ಹೋದಳು. ಬೊಪ್ಪ ಇರಲಿಲ್ಲ.

ಹೆಜ್ಜೆಗಳು ಇದ್ದವು. ಬೆರಳು ಕೆಳಗೆ, ಹಿಮ್ಮಡಿ ಮೇಲೆ. ಹಾಗಾದರೆ ಓಡಿಯೇ ಬಂದನೇ?

ಓಡಿದವನ ಹೆಜ್ಜೆ ಕೆಳಗಿನವರೆಗೂ ಇರಬೇಕಲ್ಲ? ಇವು ಮಂಜುಗಡ್ಡೆಯಾದ ಹುಡುಗರ ಹತ್ತಿರವೇ ಶುರುವಾಗಿದ್ದವು. ಅಲ್ಲಿಂದ ಕೆಳಗೆ ಇಂಥವು ಒಂದೂ ಇರಲಿಲ್ಲ, ಮೇಲೆ ತುದಿಯವರೆಗೂ ಇದ್ದವು. ಹತ್ತಿರದಿಂದ ನೋಡಿದರೆ ಹಿಮ್ಮಡಿಯೇ ಆಳಕ್ಕೆ ಊರಿತ್ತು.

ಕೇತವ್ವನಿಗೆ ಅರ್ಥವಾಯಿತು. ಕೊರೆಗಣ್ಣನ ಕಣ್ಣು ನೋಡಿದವರೆಲ್ಲ ಮಂಜುಗಡ್ಡೆಯಾದರು. ಅದನ್ನು ಕಂಡ ಬೊಪ್ಪ, ಅವನನ್ನು ನೋಡದ ಹಾಗೆ ಹಿಮ್ಮುಖವಾಗಿ ಹತ್ತಿದ್ದಾನೆ! "ನನ್ನ ರಾಜ!" ಅಂದಳು. ಹಕ್ಕಿ ಒಂದು ಉಸಿರು ಕಿತ್ತುಕೊಂಡಿತು. ಹೋಗಲಿ ಅಂತ ಬಿಟ್ಟಳು.

ತಾನೂ ತಿರುಗಿ, ಅವನ ಹೆಜ್ಜೆಯಲ್ಲೇ ಹೆಜ್ಜೆಯಿಡುತ್ತಾ, ಹಿಂದೆ ಹಿಂದೆ ಹತ್ತಿದಳು. ಹಕ್ಕಿಯೂ ಬಾರದ ತುದಿಯಲ್ಲಿ ಭುಜಕ್ಕೆ ಭುಜ ತಗುಲಿತು.

"ಯಾರು?" ಅಂತು ಸೋತ ದನಿ.

"ನಿನ್ನ ಹೆಂಡತಿ ಕಣಯ್ಯಾ. ಮನೆಗೆ ಬರುವ ಯೋಚನೆ ಇಲ್ಲವಾ?"

"ಕೇತೀ! ತಿರುಗಬೇಡ! ನನ್ನ ಬಲಗೈ ಅವನ ಕಣ್ಣಿನ ಮೇಲಿದೆ. ಬೆನ್ನ ಹಿಂದೆಯೇ ತಡಕಿ ಮುಚ್ಚಿದೆ. ಕಣ್ಣು ಮುಚ್ಚಿದ್ದರೆ ಅವನು ಕದಲಲಾರ. ಎತ್ತಿದರೆ ಹೊಳೆ ಮತ್ತೆ ಹೆಪ್ಪುಗಟ್ಟುತ್ತದೆ. ಕತ್ತಿ ಜಕ್ಕನ ಕಾಲಿಗೆ ಕಟ್ಟಿಬಿಟ್ಟೆ. ಇನ್ನೇನು ಮಾಡಲಿ, ನಿಂತಿದ್ದೇನೆ."

ಅಷ್ಟು ದಿನವೂ ನಿಂತಿದ್ದ. ಅಲ್ಲಿ ಹಸಿವೂ ಹೆಪ್ಪುಗಟ್ಟುತ್ತದೆ, ಅದಕ್ಕೆ ಬದುಕಿದ್ದ. ಕೈ ಒಂದಿಷ್ಟೂ ಕದಲಿರಲಿಲ್ಲ.

ಕೇತವ್ವ ಸೆರಗಿನ ಗಂಟು ಬಿಚ್ಚಿ ಕಾರದಪುಡಿಯನ್ನು ಹಿಡಿತುಂಬ ತೆಗೆದುಕೊಂಡಳು. "ನಾನು ಹೂಂ ಅಂದಾಗ ಕೈ ತೆಗಿ."

"ಹೆದರಿಕೆಯಾಗುತ್ತದೆ ಕಣೇ."

"ನನಗೂ. ಹೂಂ!"

ಕೈ ಸರಿಯಿತು, ಕಣ್ಣು ತೆರೆಯಿತು, ಭುಜದ ಮೇಲಿಂದ ಹಿಂದಕ್ಕೆ ಎಸೆದ ಕಾರ ನೇರವಾಗಿ ಅದರೊಳಗೆ ಬಿತ್ತು. ಸಾವಿರ ವರ್ಷದಲ್ಲಿ ಒಮ್ಮೆಯೂ ಅಳದವನು ಗೋಳೋ ಅಂತ ಅತ್ತ. ಕಣ್ಣೀರು ಬಿಸಿ, ಮೈ ಮಂಜುಗಡ್ಡೆ. ತನ್ನ ಕಣ್ಣೀರಿಗೆ ತಾನೇ ಕರಗಿ ಕೊರೆಗಣ್ಣ ಇಳಿಜಾರಿನಲ್ಲಿ ಹರಿದುಹೋದ. ಆ ನೀರು ತಾಕಿದಲ್ಲೆಲ್ಲ ಹುಡುಗರು ಸೀನುತ್ತಾ ಎದ್ದರು. ಈಟಿಯವನು ಕಣ್ಣುಜ್ಜಿಕೊಂಡು ಈಟಿ ಎಸೆದೇಬಿಟ್ಟ. ಅಲ್ಲಿ ಯಾರಿದ್ದರು ತಾಗುವುದಕ್ಕೆ!

ಹುಣ್ಣಿಮೆಯ ಬೆಳಿಗ್ಗೆ ಇಡೀ ದಂಡು ಓಲಗಕ್ಕೆ ನಡೆದು ಬಂತು. ದಳವಾಯಿಯ ಮುಖ ಬೂದಿಯಾಯಿತು. ಆದರೂ ಬಿಡಲಿಲ್ಲ. "ಇವನೇ ಗೆದ್ದವನಾದರೆ ಕೊರೆಗಣ್ಣ ಹೇಗಿದ್ದ ಅಂತ ಹೇಳಲಿ!" ಅಂದ.

ಬೊಪ್ಪ ಸಂಕೋಚದಿಂದ, "ಗೊತ್ತಿಲ್ಲ ಬುದ್ಧಿ. ನಾನು ನೋಡಲೇ ಇಲ್ಲ," ಅಂದ.

ಓಲಗ ಗುಸುಗುಟ್ಟಿತು. ಕೇತವ್ವ ಮುಂದೆ ಬಂದಳು. "ಬುದ್ಧೀ, ಅವನನ್ನು ನೋಡಿದವರು ಇಗೋ, ಇವರು. ನೋಡಿದ ಗಳಿಗೆಯಲ್ಲೇ ಮಂಜುಗಡ್ಡೆಯಾದರು. ದಳವಾಯಿಗಳು ಹಲ್ಲಿನ ಸಾಲು, ಕಿವಿಯ ಓಲೆ ಎಲ್ಲ ನೋಡಿ ಬೆಚ್ಚಗೆ ಇಳಿದು ಬಂದರಲ್ಲ, ಯಾವ ಕಣ್ಣಲ್ಲಿ ನೋಡಿದರು ಅಂತ ಕೇಳಿ."

ಅರಸ ಕೇಳಿದ. ದಳವಾಯಿ ಮೀಸೆಗೆ ಕೈ ಹಾಕಿದ. ಜೀವಮಾನದಲ್ಲಿ ಮೊದಲ ಸಲ ಕೊನೆಯ ಮಾತು ಅವನದಾಗಲಿಲ್ಲ. ಅವನ ಮನೆಯ ಬಾಗಿಲನ್ನೇ ಕಿತ್ತು ಬೊಪ್ಪನ ಮನೆಗೆ ಕೂರಿಸಿದರು. ಹಿತ್ತಾಳೆ ಗುಬ್ಬಿಮೊಳೆ ಹೊಡೆದ ಒಳ್ಳೆಯ ಬಾಗಿಲು. ಜಕ್ಕನಿಗೆ ಅರಸ ಪಲ್ಲಕ್ಕಿ ಕೊಟ್ಟ, ಹೊರುವವರನ್ನೂ ಕೊಟ್ಟ.

ಸತ್ತರೆಂದು ಅತ್ತಿದ್ದ ಮನೆಗಳಿಗೆ ಗಂಡುಮಕ್ಕಳು ಮರಳಿದರು. ಇಬ್ಬರ ಹೆಂಡಂದಿರು ಆಗಲೇ ಬೇರೆ ಸಂಬಂಧ ನೋಡಿಕೊಂಡಿದ್ದರು. ಹೆಸರು ಹೇಳಲಾರೆ, ಅವರೂ ಹೇಗೋ ಸರಿಮಾಡಿಕೊಂಡರು. ಹೊಳೆ ತುಂಬಿ ಹರಿಯಿತು, ಮಳೆ ಬಂತು, ಜನ ಸುಖವಾಗಿದ್ದರು.

ಬೊಪ್ಪನ ಬಲಗೈ ಮಾತ್ರ ಬೆನ್ನ ಹಿಂದೆ ಮಡಿಸಿದ್ದು ಹಾಗೇ ಉಳಿಯಿತು. ಮುಂದಕ್ಕೆ ಬರಲೇ ಇಲ್ಲ. ದಿನಾ ಸಂಜೆ ಜಗಲಿಯ ಮೇಲೆ, ಬೀದಿಯೆಲ್ಲ ನೋಡುತ್ತಿರುವಾಗ, ಕೇತವ್ವ ಅವನಿಗೆ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ನಾಚಿಕೆಗೆಟ್ಟವಳು ಅಂದರು ಕೆಲವರು. ಅನ್ನಲಿ ಬಿಡಿ. ಒಂದು ರಾಜ್ಯವನ್ನು ಕಾಯ್ದ ಕೈ ಅದು, ಉಣ್ಣುವ ಕೆಲಸ ಅದಕ್ಕೇಕೆ?